ಹಕ್ಕಿಯ ಕೊಕ್ಕು ಕಲಿಸುವ ಪಾಠ

ಜೀವವಿಜ್ಞಾನವನ್ನು ಬೋಧಿಸುವ ನನಗೆ ವಿಕಾಸವಾದದ ಅಧ್ಯಾಯ ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: "ಬಲಶಾಲಿಯೇ ಬದುಕುವುದು ನಿಸರ್ಗದ ನಿಯಮವಾದರೆ, ಬಲಹೀನರ ಕೈಹಿಡಿಯಬೇಕೆಂಬ ಶರಣರ ಬೋಧೆಗೆ ಎಲ್ಲಿ ಸ್ಥಾನ, ಗುರುಗಳೇ?" ಶ್ರೀಮಠದ ದಾಸೋಹದಲ್ಲಿ ಉಂಡು ಓದುವ ಮಕ್ಕಳು ಹೀಗೆ ಕೇಳಿದಾಗ ಹಾರಿಕೆಯ ಉತ್ತರ ಸಲ್ಲದು. ಡಾರ್ವಿನ್ನನ ಹೆಸರು ಹೇಳಿ ಮೇಲುಕೀಳುಗಳನ್ನು ಸಮರ್ಥಿಸುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಆದುದರಿಂದ ಆತನ ಸಿದ್ಧಾಂತ ನಿಜವಾಗಿ ಏನು ಹೇಳುತ್ತದೆಂಬುದನ್ನು ನಿದಾನವಾಗಿ ನೋಡುವುದು ಒಳ್ಳೆಯದು.

ಪೆಸಿಫಿಕ್ ಸಾಗರದಲ್ಲಿ, ಈಕ್ವೆಡಾರ್ ದೇಶದ ಕರಾವಳಿಯಿಂದ ಸುಮಾರು 1,000 ಕಿಲೋಮೀಟರು ದೂರದಲ್ಲಿ ಗ್ಯಾಲಪಗೋಸ್ ದ್ವೀಪಸಮೂಹವಿದೆ. ಡಾರ್ವಿನ್ 1835ರಲ್ಲಿ ಅಲ್ಲಿಗೆ ಹೋಗಿದ್ದನು. ಅಲ್ಲಿನ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಪೀಟರ್ ಗ್ರಾಂಟ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿಗಳು 1973ರಿಂದ ನಾಲ್ಕು ದಶಕಗಳ ಕಾಲ ಫಿಂಚ್ ಹಕ್ಕಿಗಳನ್ನು ಹಿಡಿದು, ಕಾಲಿಗೆ ಗುರುತಿನ ಬಳೆ ತೊಡಿಸಿ, ಕೊಕ್ಕನ್ನು ಅಳೆದು, ಮತ್ತೆ ಹಾರಿಬಿಟ್ಟರು. ತಪಸ್ಸೆಂದರೆ ಇದೇ ಅಲ್ಲವೇ!

1977ರಲ್ಲಿ ಅಲ್ಲಿ ಮಳೆ ಕೈಕೊಟ್ಟಿತು. ಮೆತ್ತನೆಯ ಸಣ್ಣ ಬೀಜಗಳು ಮೊದಲು ಮುಗಿದವು. ಉಳಿದವುಗಳಲ್ಲಿ ಮುಖ್ಯವಾದುದು ನಮ್ಮ ಹೊಲದ ಬದುಗಳಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳಿನ ಬಳಗದ ಒಂದು ಗಿಡದ ಗಟ್ಟಿ ಕಾಯಿ. ಮಧ್ಯಮ ಗಾತ್ರದ ಫಿಂಚುಗಳಲ್ಲಿ ಬಹುಪಾಲು ಸತ್ತವು. ಬದುಕಿದವುಗಳಲ್ಲಿ ದಪ್ಪ ಕೊಕ್ಕಿನವೇ ಹೆಚ್ಚು. ಕೊಕ್ಕಿನ ಗಾತ್ರ ತಾಯಿತಂದೆಗಳಿಂದ ಮರಿಗಳಿಗೆ ಬರುವ ಗುಣವಾದ್ದರಿಂದ ಮುಂದಿನ ಪೀಳಿಗೆಯ ಸರಾಸರಿ ಕೊಕ್ಕೂ ದಪ್ಪವಾಯಿತು. ಯಾವ ಹಕ್ಕಿಯೂ ಪ್ರಯತ್ನದಿಂದ ಕೊಕ್ಕನ್ನು ಬೆಳೆಸಿಕೊಳ್ಳಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ವಂಶವಾಹಿಗಳಲ್ಲಿ ಆಗಾಗ ಆಕಸ್ಮಿಕವಾಗಿ ಆಗುವ ಬದಲಾವಣೆಗಳಿಂದಲೂ ತಾಯಿತಂದೆಗಳ ವಂಶವಾಹಿಗಳ ಹೊಸ ಹೊಸ ಜೋಡಣೆಗಳಿಂದಲೂ ಹುಟ್ಟಿದ ಭಿನ್ನತೆ ಮೊದಲೇ ಅಲ್ಲಿತ್ತು. ಬರಗಾಲ ಅದನ್ನು ಸೃಷ್ಟಿಸಲಿಲ್ಲ, ಸೋಸಿತು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 1983ರಲ್ಲಿ ಧಾರಾಕಾರ ಮಳೆ ಸುರಿಯಿತು. ಬಳ್ಳಿ ಹುಲ್ಲುಗಳು ಹಬ್ಬಿ ಸಣ್ಣ ಬೀಜಗಳೇ ರಾಶಿಯಾದವು. ಅನಂತರದ ಒಣ ದಿನಗಳಲ್ಲಿ ಹೆಚ್ಚಾಗಿ ಉಳಿದುಕೊಂಡದ್ದು ಸಣ್ಣ ಕೊಕ್ಕಿನ ಹಕ್ಕಿಗಳು. ಆರೇಳು ವರ್ಷಗಳ ಹಿಂದೆ ಸಾವಿಗೆ ಕಾರಣವಾದ ಗುಣವೇ ಈಗ ಬದುಕಿಗೆ ಆಸರೆಯಾಯಿತು. ಹಾಗಾದರೆ ಯಾವುದು ಯೋಗ್ಯ, ಯಾವುದು ಅಯೋಗ್ಯ? ನಿಸರ್ಗದ 'ಯೋಗ್ಯತೆ' ಬಲದ ಹೆಸರಲ್ಲ, ಹಿರಿಮೆಯ ಹೆಸರಲ್ಲ. ಆ ಕಾಲಕ್ಕೆ, ಆ ನೆಲಕ್ಕೆ ಹೊಂದಿಕೊಂಡುದರ ಹೆಸರು. ಎಲ್ಲ ಕೊಕ್ಕುಗಳೂ ಒಂದೇ ಅಳತೆಯವಾಗಿದ್ದರೆ ಒಂದು ಬರಗಾಲಕ್ಕೆ ಆ ಸಂತತಿಯೇ ಅಳಿದುಹೋಗಬಹುದಿತ್ತು. ಭಿನ್ನತೆಯೇ ಕುಲದ ಬಂಡವಾಳ.

ಹೊಸ ಪ್ರಭೇದ ಮೊಳೆಯುವ ಬಗೆಯನ್ನೂ ಆ ದ್ವೀಪ ತೋರಿಸಿತು. 1981ರಲ್ಲಿ 100 ಕಿಲೋಮೀಟರಿಗೂ ದೂರದ ಎಸ್ಪನ್ಯೋಲಾ ದ್ವೀಪದ ಬೇರೊಂದು ಪ್ರಭೇದದ ಗಂಡು ಹಕ್ಕಿಯೊಂದು ಅಲ್ಲಿಗೆ ಬಂದು ಸ್ಥಳೀಯ ಹೆಣ್ಣಿನೊಡನೆ ಜೋಡಿಯಾಯಿತು. ಮರಿಗಳು ತಂದೆಯಿಂದ ಕಲಿತ ಹಾಡು ಸ್ಥಳೀಯರ ಹಾಡಿಗಿಂತ ಬೇರೆಯಾಗಿತ್ತು, ಕೊಕ್ಕೂ ಬೇರೆಯಾಗಿತ್ತು. ಕೆಲವೇ ಪೀಳಿಗೆಗಳಲ್ಲಿ ಆ ವಂಶ ತನ್ನೊಳಗೇ ಜೋಡಿಯಾಗತೊಡಗಿತು. ವಂಶವಾಹಿಗಳ ಪರೀಕ್ಷೆ ಇದನ್ನು ದೃಢಪಡಿಸಿದ ವರದಿ 2017ರಲ್ಲಿ ಪ್ರಕಟವಾಯಿತು. ಪ್ರಭೇದಗಳ ನಡುವಿನ ಗೋಡೆ ಬಹುಮಟ್ಟಿಗೆ ಸಂತಾನದ ಗೋಡೆ.

ನಾವು ಮಾತಿನಲ್ಲಿ ಹಕ್ಕಿಗೂ 'ಜಾತಿ' ಎನ್ನುತ್ತೇವೆ, ಮನುಷ್ಯನಿಗೂ 'ಜಾತಿ' ಎನ್ನುತ್ತೇವೆ. ಒಂದೇ ಶಬ್ದವಾದರೂ ಇವೆರಡರ ನಡುವೆ ಅಜಗಜಾಂತರವಿದೆ. ಭೂಮಂಡಲದ ಮನುಷ್ಯರೆಲ್ಲ ಒಂದೇ ಪ್ರಭೇದ. ಯಾವ ಇಬ್ಬರನ್ನು ಹೋಲಿಸಿದರೂ ವಂಶವಾಹಿಗಳ ಬರಹ ಶೇಕಡಾ 99.9ರಷ್ಟು ಒಂದೇ. ನಮ್ಮ ನಡುವಿನ ಗೋಡೆಗಳನ್ನು ನಿಸರ್ಗ ಕಟ್ಟಲಿಲ್ಲ, ನಾವು ಕಟ್ಟಿದೆವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಅವನ್ನು ಒಡೆಯಲು ಹೊರಟದ್ದು ಯಾವ ವಿಜ್ಞಾನಕ್ಕೂ ವಿರುದ್ಧವಾದ ಕಾರ್ಯವಲ್ಲ.

ನಿಸರ್ಗವು ಹೀಗಿದೆ ಎಂದು ವಿಜ್ಞಾನ ಹೇಳುತ್ತದೆ. ನಾವು ಹೀಗಿರಬೇಕು ಎಂದು ಅದು ಹೇಳುವುದಿಲ್ಲ. ಬರಗಾಲ ಹಕ್ಕಿಗಳನ್ನು ಸೋಸುತ್ತದೆ. ಬರಗಾಲದಲ್ಲಿ ಅನ್ನದ ಬಾಗಿಲು ತೆರೆಯುವುದು ಮನುಷ್ಯನೊಬ್ಬನ ನಿರ್ಧಾರ. ದಾಸೋಹವೆಂದರೆ ಆ ನಿರ್ಧಾರದ ಹೆಸರು.