ದಿನಕ್ಕೆ ಮೂರು ಅಧ್ಯಾಯ

ಬೈಬಲ್‌ನಲ್ಲಿ ಒಟ್ಟು 1189 ಅಧ್ಯಾಯಗಳಿವೆ. ಹಳೆಯ ಒಡಂಬಡಿಕೆಯಲ್ಲಿ 929, ಹೊಸ ಒಡಂಬಡಿಕೆಯಲ್ಲಿ 260. ಇದು ಪ್ರಾಟೆಸ್ಟೆಂಟರ 66 ಪುಸ್ತಕಗಳ ಲೆಕ್ಕ. ಕ್ಯಾಥೊಲಿಕರ ಬೈಬಲ್‌ನಲ್ಲಿ 73 ಪುಸ್ತಕಗಳಿವೆ. 365ರಿಂದ ಭಾಗಿಸಿದರೆ ದಿನಕ್ಕೆ ಮೂರೂಕಾಲು ಅಧ್ಯಾಯ ಬರುತ್ತೆ. ಮೆಟ್ರೋದಲ್ಲಿ ಸೀಟು ಸಿಗಲಿ ಬಿಡಲಿ, ಇಪ್ಪತ್ತು ನಿಮಿಷದ ಕೆಲಸ. ಫೋನಿಗೆ ಒಂದು ಕನ್ನಡ ಬೈಬಲ್ ಆ್ಯಪ್ ಹಾಕಿಕೊಂಡು ಜನವರಿ ಒಂದನೇ ತಾರೀಖು ಶುರು ಮಾಡಿದೆ.

"ಏನ್ ಮಗಾ, ಕನ್ವರ್ಟ್ ಆಗ್ತಿದ್ದೀಯಾ?" ಅಂತ ಆಫೀಸಿನಲ್ಲಿ ತಮಾಷೆ ಮಾಡಿದರು. ಹಾಗೇನಿಲ್ಲ. ನೋಡುವ ಸಿನಿಮಾ, ಓದುವ ಇಂಗ್ಲಿಷ್ ಕಾದಂಬರಿ ಎಲ್ಲದರಲ್ಲೂ ಇದು ಇಣುಕುತ್ತಿರುತ್ತೆ, ಒಮ್ಮೆ ಪೂರ್ತಿ ಓದಿಬಿಡೋಣ ಅನ್ನಿಸಿತು, ಅಷ್ಟೇ. ಪೂರ್ತಿ ಅನ್ನೋದೇ ಮುಖ್ಯ. ನಮ್ಮೂರಲ್ಲಿ ಮಳೆ ಬಾರದೇ ಹೋದರೆ ದೇವಸ್ಥಾನದಲ್ಲಿ ವಿರಾಟಪರ್ವ ಓದಿಸುತ್ತಿದ್ದರು. ಉಳಿದ ಪರ್ವಗಳ ಗೊಡವೆ ಯಾರಿಗೂ ಇರುತ್ತಿರಲಿಲ್ಲ. ಬೇಕಾದಾಗ ಬೇಕಾದಷ್ಟೇ ಓದೋದು ನಮ್ಮ ಪದ್ಧತಿ. ನನ್ನ ಆ್ಯಪ್ ಮಾಡುವುದೂ ಅದನ್ನೇ. ಬೆಳಗ್ಗೆ ಎದ್ದರೆ ಹೂವಿನ ಚಿತ್ರದ ಮೇಲೆ ಸಮಾಧಾನ ಹೇಳುವ ಒಂದು 'ದಿನದ ವಚನ' ಕಳಿಸುತ್ತೆ. ವರಸೆಯಾಗಿ ಓದುವವನಿಗೆ ಆ ಅನುಕೂಲವಿಲ್ಲ. ಇವತ್ತಿನ ಮೂರು ಅಧ್ಯಾಯದಲ್ಲಿ ಏನಿದೆಯೋ ಅದನ್ನೇ ಓದಬೇಕು.

ಆದಿಕಾಂಡ ಸರಾಗವಾಗಿ ಹೋಯಿತು. ಅಣ್ಣತಮ್ಮಂದಿರ ಜಗಳ, ಬಾವಿಯ ಜಗಳ, ಮೋಸ, ಮದುವೆ, ಎಲ್ಲ ನಮ್ಮ ಕಡೆಯ ಕಥೆಗಳ ಹಾಗೇ. ವಿಮೋಚನಕಾಂಡದ ಅರ್ಧದವರೆಗೂ ತೊಂದರೆಯಿಲ್ಲ. ಆಮೇಲೆ ದೇವದರ್ಶನದ ಗುಡಾರ ಕಟ್ಟುವ ಅಧ್ಯಾಯಗಳು ಬರುತ್ತವೆ. ಎಷ್ಟು ಮೊಳ ಉದ್ದ, ಎಷ್ಟು ಕೊಂಡಿ, ಪರದೆಗೆ ಯಾವ ಬಣ್ಣ ಅಂತ ಏಳು ಅಧ್ಯಾಯ ಸ್ಪೆಸಿಫಿಕೇಶನ್. ಸ್ವಲ್ಪ ಮುಂದೆ ಅದನ್ನು ಕಟ್ಟಿದರು ಅಂತ ಅವೇ ಮೊಳ, ಅವೇ ಕೊಂಡಿ ಇನ್ನೊಂದು ಸಲ. ಕಾಪಿ ಪೇಸ್ಟ್ ಇವತ್ತು ನಿನ್ನೆಯದಲ್ಲ. ಇದರ ನಂತರ ಯಾಜಕಕಾಂಡ. ವರ್ಷದ ಓದಿಗೆ ಕೂತವರು ಕೈಬಿಡುವ ಜಾಗ ಇದೇ ಅಂತಾರೆ. ಯಾವ ಬಲಿಗೆ ಯಾವ ಪ್ರಾಣಿ, ಚರ್ಮದ ಮೇಲಿನ ಯಾವ ಮಚ್ಚೆಗೆ ಎಷ್ಟು ದಿನ ಊರ ಹೊರಗೆ, ಇಂಥವೇ.

ಆದರೆ ಅದೇ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಹೊಲದ ವಿಷಯ ಬಂತು. ಪೈರು ಕುಯ್ಯುವಾಗ ಅಂಚಿನ ತನಕ ಬಳಿದು ಕುಯ್ಯಬೇಡ, ಉದುರಿದ ತೆನೆ ಆರಿಸಬೇಡ, ಅದು ಬಡವರಿಗೂ ಪರದೇಶದವರಿಗೂ ಸೇರಿದ್ದು ಅನ್ನೋ ಅರ್ಥದ ಆಜ್ಞೆ. ನಮ್ಮಲ್ಲಿ ಇದಕ್ಕೆ ಹಕ್ಕಲು ಅಂತಾರೆ. ಕಡಲೆಕಾಯಿ ಕಿತ್ತ ಹೊಲದಲ್ಲಿ ಹಕ್ಕಲು ಆಯೋಕೆ ಬಂದವರನ್ನು ಗದರಿಸಿದರೆ ನಮ್ಮಪ್ಪನಿಗೆ ಸಿಟ್ಟು ಬರುತ್ತಿತ್ತು. ಅಲ್ಲಿಂದ ಈ ಪುಸ್ತಕವನ್ನು ಹೊಲ ಗೊತ್ತಿರುವವನ ಹಾಗೆ ಓದತೊಡಗಿದೆ.

ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಎರಡು ಎಕರೆ ಹತ್ತು ಗುಂಟೆ ಪಿತ್ರಾರ್ಜಿತ ಜಮೀನು ಇನ್ನೂ ಅವರ ಹೆಸರಿನಲ್ಲೇ ಇತ್ತು. ಫೆಬ್ರವರಿಯಲ್ಲಿ ಅಣ್ಣ ಫೋನ್ ಮಾಡಿದ. "ಖಾತೆ ಮಾಡಿಸಿಬಿಡೋಣ. ನೀನೊಂದು ದಿನ ರಜೆ ಹಾಕು. ಅಕ್ಕ ಬಂದು ಹಕ್ಕು ಬಿಡುಗಡೆಗೆ ಸೈನ್ ಹಾಕ್ತಾಳೆ. ಅರಿಶಿನ ಕುಂಕುಮಕ್ಕೆ ಅಂತ ಏನಾದ್ರೂ ಕೊಡೋಣ." ಅಣ್ಣ ಕೆಟ್ಟವನಲ್ಲ. ಊರಲ್ಲಿ ಉಳಿದವನು ಅವನು, ಅಪ್ಪನ ಆಸ್ಪತ್ರೆ ಓಡಾಟ ಮಾಡಿದವನು ಅವನು, ಬೋರ್‌ವೆಲ್ ಸಾಲ ತೀರಿಸಿದವನೂ ಅವನೇ. ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ನಡೆದದ್ದನ್ನೇ ಅವನು ಹೇಳಿದ್ದು.

ಅದೇ ವಾರ ನಾನು ಅರಣ್ಯಕಾಂಡದಲ್ಲಿದ್ದೆ. ಇಂಗ್ಲಿಷಿನಲ್ಲಿ ಜನಗಣತಿಯ ಲೆಕ್ಕದಿಂದಾಗಿ ಇದನ್ನು ನಂಬರ್ಸ್ ಅಂತಾರೆ. ಹೀಬ್ರೂ ಹೆಸರಿನ ಅರ್ಥ 'ಅರಣ್ಯದಲ್ಲಿ' ಅಂತ. ಕನ್ನಡದ ಹೆಸರೇ ಮೂಲಕ್ಕೆ ಹತ್ತಿರ. ಅದರ 27ನೇ ಅಧ್ಯಾಯದಲ್ಲಿ ಚಲ್ಪಹಾದ ಎಂಬವನ ಐದು ಹೆಣ್ಣುಮಕ್ಕಳು ಗುಡಾರದ ಬಾಗಿಲಲ್ಲಿ, ಮೋಶೆ, ಯಾಜಕ, ಇಡೀ ಸಭೆಯ ಮುಂದೆ ಬಂದು ನಿಲ್ಲುತ್ತಾರೆ. ನಮ್ಮಪ್ಪ ಸತ್ತ, ಅವನಿಗೆ ಗಂಡುಮಕ್ಕಳಿಲ್ಲ, ಅಷ್ಟಕ್ಕೇ ಅವನ ಹೆಸರು ಯಾಕೆ ಅಳಿಯಬೇಕು, ನಮಗೂ ಭೂಮಿ ಕೊಡಿ ಅನ್ನೋದು ಅವರ ವಾದ. ಐದೂ ಜನರ ಹೆಸರು ಬರೆದಿದೆ: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಮೋಶೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎಸ್ಕಲೇಟ್ ಮಾಡಿದ. ಮೇಲಿಂದ ಬಂದ ಉತ್ತರ: ಅವರು ಕೇಳುವುದು ಸರಿ.

ಇಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯ ವಾಟ್ಸ್ಆ್ಯಪ್ ಸ್ಟೇಟಸ್ ಆಗುತ್ತಿತ್ತು. ಆದರೆ ಮೂರು ದಿನ ಬಿಟ್ಟು 36ನೇ ಅಧ್ಯಾಯ ಬಂತು. ಅದೇ ಕುಲದ ಹಿರಿಯರು ಮೋಶೆಯ ಹತ್ತಿರ ಬರುತ್ತಾರೆ. ಈ ಹುಡುಗಿಯರು ಬೇರೆ ಕುಲಕ್ಕೆ ಮದುವೆಯಾಗಿ ಹೋದರೆ ನಮ್ಮ ಜಮೀನು ಅವರ ಪಾಲಾಗುತ್ತಲ್ಲ? ಈ ಮಾತನ್ನು ನಾನು ಅರಳಿಕಟ್ಟೆಯಲ್ಲಿ ಎಷ್ಟು ಸಲ ಕೇಳಿದ್ದೇನೋ! ಕೊನೆಗೆ ಆ ಐವರೂ ತಮ್ಮ ಕುಲದೊಳಗೇ ಮದುವೆಯಾಗಬೇಕು ಅಂತ ತೀರ್ಮಾನವಾಗಿ, ತಂದೆಯ ಅಣ್ಣತಮ್ಮಂದಿರ ಮಕ್ಕಳನ್ನು ಮದುವೆಯಾಗುತ್ತಾರೆ. ನಮ್ಮಲ್ಲಾದರೆ ಅವರೆಲ್ಲ ಅಣ್ಣ ತಮ್ಮ ಆಗಬೇಕು. ನಾವು ಆಸ್ತಿ ಉಳಿಸಿಕೊಳ್ಳೋಕೆ ಸೋದರಮಾವನನ್ನು ಹುಡುಕಿದೆವು, ಅವರು ಚಿಕ್ಕಪ್ಪನ ಮಗನನ್ನು. ಭೂಮಿಯ ಭಯ ಮಾತ್ರ ಎರಡೂ ಕಡೆ ಒಂದೇ.

ಇನ್ನೊಂದು ವಿಷಯವನ್ನೂ ಮರೆಯಬಾರದು. ಮೋಶೆಯ ಕಾನೂನಿನಲ್ಲಿ ಗಂಡುಮಕ್ಕಳಿಲ್ಲದಿದ್ದರೆ ಮಾತ್ರ ಹೆಣ್ಣುಮಕ್ಕಳಿಗೆ ಪಾಲು. ಇಬ್ಬರು ತಮ್ಮಂದಿರಿರುವ ನಮ್ಮಕ್ಕನಿಗೆ ಅಲ್ಲಿ ಏನೂ ಸಿಗುತ್ತಿರಲಿಲ್ಲ. ಇಲ್ಲಿ ಸಿಗುತ್ತೆ. ಕರ್ನಾಟಕದ 1994ರ ತಿದ್ದುಪಡಿ ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರು, ಆಗದವರು ಅನ್ನುವ ಭೇದ ತೆಗೆಯಿತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಅಂತ ಸ್ಪಷ್ಟಪಡಿಸಿತು. ಕಾನೂನು ಇಷ್ಟು ದೂರ ಬಂದಿದ್ದರಿಂದಲೇ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅಕ್ಕಂದಿರ ಸೈನಿಗೆ ಇಷ್ಟು ಬೇಡಿಕೆ.

ಅಕ್ಕನಿಗೆ ಫೋನ್ ಮಾಡಿ ಕೇಳಿದೆ: ನಿನಗೆ ಪಾಲು ಬೇಕಾ? ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಮೂವತ್ತು ಗುಂಟೆ ಇಟ್ಕೊಂಡು ನಾನೇನ್ ಮಾಡ್ಲೋ. ಕೇಳಿದ್ರೆ ತವರಿನ ಬಾಗಿಲು ಮುಚ್ಚಿಹೋಗುತ್ತೆ ಕಣೋ" ಅಂದಳು. ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಗೌರಿಹಬ್ಬಕ್ಕೆ ಬಾಗಿನ ಕೊಟ್ಟು ಕರೆಯೋಕೆ ಅಣ್ಣ ಬರುತ್ತಾನೋ ಇಲ್ಲವೋ ಅನ್ನುವುದಕ್ಕೆ ಯಾವ ಕೋರ್ಟೂ ಆರ್ಡರ್ ಕೊಡೋಕಾಗಲ್ಲ.

ಹತ್ತು ಹದಿನೈದು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. "ಪೂರ್ತಿ ಪಾಲು ಬೇಡ. ಬೋರ್‌ವೆಲ್ ಪಕ್ಕದ ಹತ್ತು ಗುಂಟೆ ಕೊಡ್ತಾನಾ ಕೇಳು. ಸೇವಂತಿಗೆ ಹಾಕ್ತೀನಿ." ಅವಳ ಊರು ನಮ್ಮೂರಿಗೆ ಮೂರೇ ಕಿಲೋಮೀಟರ್.

ಮಾರ್ಚ್ ಮೊದಲ ವಾರ ಯೆಹೋಶುವ 15 ಓದುತ್ತಾ ಮೆಟ್ರೋದಲ್ಲಿ ನಗು ಬಂತು. ಕಾಲೇಬ ಎಂಬ ಹಿರಿಯ ತನ್ನ ಮಗಳು ಅಕ್ಷಾಳನ್ನು ಮದುವೆ ಮಾಡಿ ಒಣಭೂಮಿ ಕೊಟ್ಟಿರುತ್ತಾನೆ. ಅವಳು ಕತ್ತೆಯಿಂದ ಇಳಿದು, ಭೂಮಿ ಕೊಟ್ಟೆ ಸರಿ, ನೀರಿನ ಬುಗ್ಗೆಗಳನ್ನೂ ಕೊಡು ಅಂತಾಳೆ. ಕಾಲೇಬ ಮೇಲಿನದನ್ನೂ ಕೆಳಗಿನದನ್ನೂ ಕೊಡುತ್ತಾನೆ. ಇದನ್ನು ಪವಾಡ ಅಂತ ನಾನು ಹೇಳುತ್ತಿಲ್ಲ. ತಲೆಯಲ್ಲಿ ಜಮೀನು ತುಂಬಿಕೊಂಡವನಿಗೆ ಎಲ್ಲೆಲ್ಲೂ ಜಮೀನೇ ಕಾಣುತ್ತೆ. ಆದರೆ ನೀರಿಲ್ಲದ ಭೂಮಿ ತಗೊಂಡು ಏನು ಮಾಡೋದು ಅನ್ನೋದು ಅವಳಿಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಅಣ್ಣನಿಗೂ ಗೊತ್ತಿತ್ತು. "ಜಮೀನು ಬೇಕಾದ್ರೆ ತಗೊಳ್ಳಲಿ, ನೀರು ಹಂಚೋಕಾಗಲ್ಲ" ಅಂದ. ಎರಡು ತಿಂಗಳು ನನ್ನ ಫೋನ್ ಎತ್ತಲಿಲ್ಲ.

ಆ ಎರಡು ತಿಂಗಳು ಓದು ತಪ್ಪಿಸಲಿಲ್ಲ. ಇಷ್ಟವಾಗದ್ದೂ ಬೇಕಾದಷ್ಟಿತ್ತು. ಯೆಹೋಶುವನ ಯುದ್ಧಗಳಲ್ಲಿ ಊರಿಗೆ ಊರೇ ಕೊಲ್ಲುವುದನ್ನು ಓದಿ ಪುಸ್ತಕ ಮುಚ್ಚಿಡೋಣ ಅನ್ನಿಸಿತು. ನ್ಯಾಯಸ್ಥಾಪಕರು ಪುಸ್ತಕದಲ್ಲಿ ಒಬ್ಬ ತಂದೆ ಹರಕೆಯ ಮಾತಿಗೆ ಕಟ್ಟುಬಿದ್ದು ಮಗಳನ್ನೇ ಬಲಿಕೊಡುತ್ತಾನೆ. ಆ ಹುಡುಗಿಗೆ ಹೆಸರೂ ಇಲ್ಲ.

ಮೇ ಕೊನೆಯಲ್ಲಿ ಯೋಬನ ಪುಸ್ತಕ ಮುಗಿಯಿತು. ಯೋಬ ಎಲ್ಲವನ್ನೂ ಕಳೆದುಕೊಂಡವನು, ಮಕ್ಕಳನ್ನೂ. ಕೊನೆಯ ಅಧ್ಯಾಯದಲ್ಲಿ ಅವನಿಗೆ ಮತ್ತೆ ಏಳು ಗಂಡು, ಮೂರು ಹೆಣ್ಣು ಮಕ್ಕಳಾಗುತ್ತಾರೆ. ಗಂಡುಮಕ್ಕಳ ಹೆಸರು ಬರೆದಿಲ್ಲ. ಹೆಣ್ಣುಮಕ್ಕಳ ಹೆಸರಿದೆ: ಯೆಮೀಮ, ಕೆಚೀಯ, ಕೆರೆನ್‌ಹಪ್ಪೂಕ್. ಅಣ್ಣತಮ್ಮಂದಿರ ಜೊತೆಯಲ್ಲೇ ಅವರಿಗೂ ತಂದೆ ಆಸ್ತಿಯಲ್ಲಿ ಪಾಲು ಕೊಟ್ಟ ಅಂತಲೂ ಇದೆ. ಯಾರೂ ಕೇಳಿರಲಿಲ್ಲ, ಯಾವ ಕಾನೂನೂ ಹೇಳಿರಲಿಲ್ಲ. ಎಲ್ಲ ಕಳೆದುಕೊಂಡು ನೋಡಿದವನಿಗೆ ಹಂಚೋದು ಕಷ್ಟ ಆಗಲಿಲ್ಲವೇನೋ. ಯೋಬ ಅಂದ ಕೂಡಲೇ ಎಲ್ಲರೂ ಹೇಳುವುದು ಅವನ ತಾಳ್ಮೆಯನ್ನು. ಈ ಒಂದು ಸಾಲನ್ನು ನನಗೆ ಯಾರೂ ಹೇಳಿರಲಿಲ್ಲ, ಆ್ಯಪ್ ಕೂಡ ಇವತ್ತಿನವರೆಗೂ ಕಳಿಸಿಲ್ಲ. ಅದು ಸಿಕ್ಕಿದ್ದು ಮೊದಲಿಂದ ವರಸೆಯಾಗಿ ಓದಿದ್ದಕ್ಕೆ.

ಜೂನ್‌ನಲ್ಲಿ ಅಣ್ಣನೇ ಮಾತಾಡಿದ. ಈಗ ಹಕ್ಕು ಬಿಡುಗಡೆ ಪತ್ರದ ಬದಲು ವಿಭಾಗ ಪತ್ರ ಆಗಿದೆ. ಹತ್ತು ಗುಂಟೆ ಅಕ್ಕನಿಗೆ. ವಾರದಲ್ಲಿ ಎರಡು ದಿನ ನೀರು ಅವಳದ್ದು ಅಂತ ಪತ್ರ ಬರೆಯುವವರ ಹತ್ತಿರ ಒಂದು ಸಾಲು ಸೇರಿಸಿದ್ದೇವೆ. ಗೌರಿಹಬ್ಬಕ್ಕೆ ಕರೆಯೋಕೆ ಅಣ್ಣ ಹೋಗಿದ್ದ. ಮಾತು ಮಾತ್ರ ಇನ್ನೂ ಮೊದಲಿನ ಹಾಗಿಲ್ಲ.