ಯಂತ್ರಕ್ಕೂ ಒಂದು ಮರ್ಯಾದೆ

ಜಪಾನ್ ಎಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಯಂತ್ರ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಆ ದೇಶವನ್ನು ನೋಡಿಬಂದರು. ಅಂದಿನಿಂದ ಮೈಸೂರು ಸೀಮೆಯ ಮೇಷ್ಟರುಗಳಿಗೆ ಹುಡುಗರನ್ನು ಗದರಿಸಲು ಒಂದು ಒಳ್ಳೆಯ ದೃಷ್ಟಾಂತ ಸಿಕ್ಕಿದಂತಾಯಿತು. "ಜಪಾನಿನವರನ್ನು ನೋಡಿ ಕಲಿಯಿರೋ!" ಎಂದರೆ ಅರ್ಧ ಗಂಟೆಯ ಉಪದೇಶ ಉಳಿಯಿತು. ಹಾಗೆ ಹೇಳುವವರಲ್ಲಿ ಜಪಾನಿನವರನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಹೀಗಾಗಿ ನಮ್ಮ ಮನಸ್ಸಿನ ಜಪಾನೀಯ ಒಬ್ಬ ವಿಚಿತ್ರ ಪುರುಷ. ಹೊಸ ಯಂತ್ರ ಕಂಡೊಡನೆ ಕೊಳ್ಳುತ್ತಾನೆ, ಹಳೆಯದನ್ನು ಎಸೆಯುತ್ತಾನೆ, ಅವನ ಮನೆಯಲ್ಲಿ ತಲೆಬಾಗಿಲಿನಿಂದ ಬಚ್ಚಲಿನವರೆಗೆ ಎಲ್ಲವೂ ತನ್ನಷ್ಟಕ್ಕೆ ತಾನೇ ನಡೆಯುತ್ತದೆ.

ಯೋಕೊಹಾಮಾದಲ್ಲಿ ಏಳೆಂಟು ವರ್ಷಗಳಿಂದ ಇಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜಕ್ಕೆ ಬಂದವನು ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು ಈ ಚಿತ್ರವನ್ನು ಒರೆಸಿಹಾಕಿಬಿಟ್ಟ. "ಸಾರ್, ನಾನು ಅಲ್ಲಿಗೆ ಹೋದ ಹೊಸದರಲ್ಲಿ ಬಾಡಿಗೆ ಮನೆಯ ಕಾಗದಕ್ಕೆ ಸಹಿ ಸಾಲದು, ಮೊಹರು ಬೇಕು ಅಂದರು. ಇನ್ನೊಂದು ಕಾಗದವನ್ನು ಫ್ಯಾಕ್ಸ್ ಮಾಡಿ ಅಂದರು. ಫ್ಯಾಕ್ಸ್ ಯಂತ್ರವನ್ನು ನಾನು ಮೊದಲು ಮುಟ್ಟಿದ್ದೇ ಜಪಾನಿನಲ್ಲಿ!" ಎಂದ. ಫ್ಲಾಪಿ ಡಿಸ್ಕನ್ನೇ ಕೊಡಬೇಕೆಂಬ ಹಳೆಯ ನಿಯಮಗಳನ್ನು ಅಲ್ಲಿನ ಸರ್ಕಾರ ಪೂರ್ತಿ ತೆಗೆದುಹಾಕಿದ್ದು 2024ರಲ್ಲಿ. ಮೋಟಾರಿನ ಬಿಡಿಭಾಗಗಳ ಲೆಕ್ಕಕ್ಕೆಂದು ಕ್ಯೂಆರ್ ಚೌಕವನ್ನು ಡೆನ್ಸೊ ಕಂಪನಿಯ ಹಾರಾ ಮಾಸಾಹಿರೊ ಎಂಬುವರು ಕಂಡುಹಿಡಿದದ್ದು 1994ರಲ್ಲಿ. ಇಂದು ನಮ್ಮ ಬೀದಿಯ ಸೊಪ್ಪಿನವಳ ಬುಟ್ಟಿಯ ಮೇಲೂ ಆ ಚೌಕ ಅಂಟಿಕೊಂಡಿದೆ. ಅದನ್ನು ಹೆತ್ತ ದೇಶದಲ್ಲಿ ಮಾತ್ರ 2024ರಲ್ಲಿಯೂ ನಗದಿಲ್ಲದ ವ್ಯವಹಾರ ಶೇಕಡ 42.8ರಷ್ಟೇ. ಮಿಕ್ಕವರು ನೋಟನ್ನು ಮಡಿಕೆಯಿಲ್ಲದಂತೆ ಪುಟ್ಟ ತಟ್ಟೆಯಲ್ಲಿಟ್ಟು ಅಂಗಡಿಯವನ ಮುಂದೆ ಸರಿಸುವುದರಲ್ಲೇ ಸುಖಿಗಳು.

ಇದನ್ನು ಹಿಂದುಳಿಯುವಿಕೆ ಎಂದುಬಿಡುವುದು ಸುಲಭ. ಆದರೆ ಹುಡುಗ ಹೇಳಿದ್ದನ್ನು ಕೇಳುತ್ತ, ಅನಂತರ ಸಿಕ್ಕಿದ್ದನ್ನೆಲ್ಲ ಓದುತ್ತ ಹೋದಂತೆ ನನಗೆ ಬೇರೊಂದು ತೋರಿತು. ಜಪಾನಿನವರು ಯಂತ್ರವನ್ನು ಮನೆಗೆ ತರುವುದು ನಾವು ಸಂಬಂಧ ಬೆಳೆಸುವ ಹಾಗೆ. ಬರುವಾಗ ನೂರು ವಿಚಾರಣೆ. ಬಂದಮೇಲೆ ಅದು ಮನೆಯ ನಡವಳಿಕೆ ಕಲಿಯಬೇಕು. ಹೊರಡುವಾಗ ಸುಮ್ಮನೆ ಕಳಿಸುವಂತಿಲ್ಲ. ಅಲ್ಲಿಯವರೆಲ್ಲರೂ ಹೀಗೆಯೇ ಎಂದು ಹೇಳುವ ಸಾಹಸ ನನಗಿಲ್ಲ. ನಮ್ಮಲ್ಲಿರುವಂತೆ ಅಲ್ಲಿಯೂ ಎಲ್ಲ ಬಗೆಯ ಜನ ಇದ್ದಾರು. ಆದರೂ ಈ ಒಂದು ಗುಣ ಎದ್ದು ಕಾಣುತ್ತದೆ.

ಮೊದಲು ಫೋನನ್ನೇ ತೆಗೆದುಕೊಳ್ಳಿ. ಕೈಫೋನಿಗೆ ಅವರ ಮಾತಿನಲ್ಲಿ 'ಕೇತೈ' ಎಂದು ಹೆಸರು. ಜೊತೆಯಲ್ಲಿ ಒಯ್ಯುವಂಥದು ಎಂದರ್ಥ. 1999ರಲ್ಲಿಯೇ ಡೊಕೊಮೊ ಕಂಪನಿ 'ಐ-ಮೋಡ್' ಎಂಬ ಏರ್ಪಾಡಿನಿಂದ ಜನರ ಜೇಬಿಗೆ ಅಂತರಜಾಲವನ್ನು ತಂದಿತ್ತು. ಇಂದು ನಮ್ಮ ಮೊಮ್ಮಕ್ಕಳಿಂದ ಅಜ್ಜಿಯರವರೆಗೆ ಎಲ್ಲರೂ ಕಳಿಸುವ ನಗುಮುಖ, ಹೃದಯ, ಕಣ್ಣೀರುಗಳಿವೆಯಲ್ಲ, ಅವುಗಳ ಪೂರ್ವಿಕರಾದ 176 ಪುಟ್ಟ ಚಿತ್ರಗಳು ಹುಟ್ಟಿದ್ದೂ ಅದೇ ಏರ್ಪಾಡಿಗಾಗಿ. 2004ರ ಹೊತ್ತಿಗೆ ಫೋನೇ ಹಣದ ಚೀಲವೂ ಆಯಿತು. ಫೋನಿಗೊಂದು ಸಣ್ಣ ತೂತು, ಆ ತೂತಿಗೆ ದಾರ, ದಾರಕ್ಕೆ ಗೊಂಬೆ. ಅವರ ಅಜ್ಜಂದಿರು ಸೊಂಟದ ಚೀಲಕ್ಕೆ ಕಟ್ಟುತ್ತಿದ್ದ 'ನೆತ್ಸುಕೆ' ಎಂಬ ಕೆತ್ತನೆಯ ಗುಂಡಿಗಳ ಸಂತಾನವೇ ಈ ಗೊಂಬೆ ಎನ್ನಬಹುದು.

ಇಂಥವರ ಮುಂದೆ 2008ರ ಜುಲೈ 11ರಂದು ಐಫೋನು ಬಂದು ನಿಂತಿತು. ಹುಡುಗಿಯನ್ನು ನೋಡಲು ಬಂದವರಂತೆ ಪ್ರಶ್ನೆಗಳು ಶುರುವಾದವು. ಟೆಲಿವಿಷನ್ ಬರುತ್ತದೆಯೇ? ಇಲ್ಲ. ಹಣ ಕೊಡಲು ಆಗುತ್ತದೆಯೇ? ಇಲ್ಲ. ಗೊಂಬೆ ಕಟ್ಟಲು ತೂತಾದರೂ ಉಂಟೇ? ಅದೂ ಇಲ್ಲ! ಇದು ಇಲ್ಲಿ ಬಾಳಲಾರದೆಂದು ಬಲ್ಲವರು ಹಲವರು ಷರಾ ಬರೆದರು. ಬಾಳಿತು, ಬಾಳಿದ್ದಷ್ಟೇ ಅಲ್ಲ, ಐಫೋನನ್ನು ಬಹಳವಾಗಿ ಮೆಚ್ಚುವ ದೇಶಗಳಲ್ಲಿ ಜಪಾನೂ ಒಂದಾಯಿತು. ಹಳೆಯ ಮಡಚುವ ಫೋನಿಗೆ ಅವರೇ 'ಗಾರಾಕೇ' ಎಂದು ಅಡ್ಡಹೆಸರಿಟ್ಟರು. ಗಾಲಾಪಗೋಸ್ ದ್ವೀಪಗಳ ಜೀವಿಗಳಂತೆ ಲೋಕದಿಂದ ದೂರವಿದ್ದು ತನ್ನದೇ ರೀತಿಯಲ್ಲಿ ಬೆಳೆದ ಕೇತೈ ಎಂದು ಅದರ ಭಾವ. ತಮ್ಮನ್ನು ತಾವೇ ಹೀಗೆ ಹಾಸ್ಯಮಾಡಿಕೊಂಡೂ ಎಷ್ಟೋ ಮಂದಿ ಹಿರಿಯರು ಆ ಫೋನನ್ನು ಕೈಬಿಡಲಿಲ್ಲ. ಐ-ಮೋಡಿಗೆ 2026ರ ಮಾರ್ಚ್ 31 ಕೊನೆಯ ದಿನ ಎಂದು ಡೊಕೊಮೊ ಗೊತ್ತುಮಾಡಿದ್ದು 2019ರಲ್ಲಿ. ಆರು ವರ್ಷಕ್ಕೂ ಹೆಚ್ಚಿನ ವಾಯಿದೆ! ನಮ್ಮಲ್ಲಿ ಮನೆ ಖಾಲಿಮಾಡಿಸಲು ಕೂಡ ಇಷ್ಟು ದಿನ ಕೊಡುವವರಿಲ್ಲ.

ಬಂದ ಮೇಲೆ ನಡವಳಿಕೆ. ಅಲ್ಲಿ ಫೋನಿನ ಸದ್ದಡಗಿಸುವುದಕ್ಕೆ 'ಮ್ಯಾನರ್ ಮೋಡ್', ಎಂದರೆ ಮರ್ಯಾದೆಯ ಸ್ಥಿತಿ, ಎಂದು ಹೆಸರು. ಹೆಸರಿನಲ್ಲೇ ಉಪದೇಶವಿದೆ. ರೈಲಿನಲ್ಲಿ ಕುಳಿತು ಫೋನಿನಲ್ಲಿ ಮಾತಾಡಬೇಡಿರೆಂದು ಪ್ರಯಾಣಿಕರನ್ನು ಕೇಳಿಕೊಳ್ಳುತ್ತಾರೆ. ಜನರೂ ಬಹುಮಟ್ಟಿಗೆ ಮಾತಾಡುವುದಿಲ್ಲ. ನನ್ನ ವಿದ್ಯಾರ್ಥಿ ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಬರುವಷ್ಟರಲ್ಲಿ ಮೂವರ ಮನೆಯ ಸಾಲದ ವಿವರವನ್ನೂ ಒಬ್ಬರ ಮಗಳ ಜಾತಕವನ್ನೂ ಪೂರ್ತಿ ತಿಳಿದುಕೊಂಡನಂತೆ. ಇನ್ನೊಂದು ವಿಶೇಷ: ಅಲ್ಲಿ ಮಾರುವ ಫೋನಿನಲ್ಲಿ ಚಿತ್ರ ತೆಗೆದರೆ 'ಕ್ಲಿಕ್' ಎಂಬ ಸದ್ದು ಸಾಮಾನ್ಯವಾಗಿ ಆಗಿಯೇ ತೀರುತ್ತದೆ, ಅದನ್ನು ಅಡಗಿಸಲು ಬರುವುದಿಲ್ಲ. ಕಳ್ಳತನದಲ್ಲಿ ಹೆಂಗಸರ ಚಿತ್ರ ತೆಗೆಯುವ ದುಷ್ಟರಿಗೆ ತಡೆಯಾಗಲೆಂದು ಕಂಪನಿಗಳು ತಾವಾಗಿ ಮಾಡಿಕೊಂಡ ಕಟ್ಟಳೆ ಇದು.

ಅಡಿಗೆಮನೆಯ ಕಥೆಯೂ ಹೀಗೆಯೇ. ಅವರ ಚಕ್ರವರ್ತಿಗಳ ಮನೆತನದಲ್ಲಿ ಖಡ್ಗ, ಕನ್ನಡಿ, ಮಣಿ ಎಂಬ ಮೂರು ಪವಿತ್ರ ನಿಧಿಗಳಿವೆ. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ದೇಶ ಚೇತರಿಸಿಕೊಳ್ಳುತ್ತಿದ್ದ 1950ರ ದಶಕದಲ್ಲಿ ಜನ ಅದೇ ಹೆಸರನ್ನು ಟೆಲಿವಿಷನ್, ಬಟ್ಟೆ ಒಗೆಯುವ ಯಂತ್ರ, ರೆಫ್ರಿಜರೇಟರುಗಳಿಗೆ ಇಟ್ಟರು. ಹಾಸ್ಯವೆಂದರೆ ಹಾಸ್ಯ, ಆದರೆ ಬೂದಿಯಿಂದೆದ್ದ ಮನೆಗೆ ಅವು ನಿಧಿಗಳೇ ಅಲ್ಲವೆ?

ಆ ದಶಕದ ನಿಜವಾದ ನಿಧಿ, ನನ್ನ ಲೆಕ್ಕದಲ್ಲಿ, 1955ರಲ್ಲಿ ತೋಷಿಬಾ ಕಂಪನಿ ಮಾರಿದ ಅನ್ನದ ಪಾತ್ರೆ. ಅದನ್ನು ಮಾಡಿಕೊಟ್ಟವರು ಮಿನಾಮಿ ಯೋಶಿತಾದ ಎಂಬ ಸಣ್ಣ ಕಾರ್ಖಾನೆಯ ಒಡೆಯರು. ಬೆಳಗಾಗುವ ಮುಂಚೆ ಎದ್ದು ಒಲೆಯ ಮುಂದೆ ಕೂರುವ ಕಷ್ಟ ಯಂತ್ರಶಾಸ್ತ್ರಜ್ಞನಿಗೇನು ಗೊತ್ತು? ಅವರ ಹೆಂಡತಿ ಫುಮಿಕೊ ಮತ್ತೆ ಮತ್ತೆ ಅನ್ನ ಬೇಯಿಸಿ, ಉರಿಯನ್ನೂ ಹೊತ್ತನ್ನೂ ಬರೆದಿಟ್ಟು ಪರೀಕ್ಷಿಸಿದರು. ಉಪಾಯ ಸರಳವಾದದ್ದು. ಒಳಪಾತ್ರೆಯಲ್ಲಿ ಅಕ್ಕಿ, ಹೊರಪಾತ್ರೆಯಲ್ಲಿ ಒಂದಿಷ್ಟು ನೀರು. ಇಪ್ಪತ್ತು ನಿಮಿಷದ ಸುಮಾರಿಗೆ ಹೊರಗಿನ ನೀರು ಆರಿಹೋಗುತ್ತದೆ, ಕಾವು ಏರುತ್ತದೆ, ಎರಡು ಲೋಹಗಳನ್ನು ಬೆಸೆದ ಪಟ್ಟಿ ಬಾಗಿ ವಿದ್ಯುತ್ತು ತಾನೇ ನಿಲ್ಲುತ್ತದೆ. ಅನ್ನ ಆಗಿರುತ್ತದೆ. ಆ ಪಾತ್ರೆಗೆ ಅನ್ನ ಬೇಯಿಸಲು ಕಲಿಸಿದ್ದು ಒಬ್ಬ ಗೃಹಿಣಿಯ ಕೈ ಎಂಬುದನ್ನು ಮರೆಯಬಾರದು.

ಇಂದು ಅಂಥ ಪಾತ್ರೆಗಳಲ್ಲಿ ಕೆಲವು ಅನ್ನವಾದ ಮೇಲೆ ಒಂದು ಮಟ್ಟು ನುಡಿಸುತ್ತವೆ. ಬಚ್ಚಲ ತೊಟ್ಟಿಯ ನೀರು ಕಾದರೆ ಗೋಡೆಯ ಮೇಲಿನ ಯಂತ್ರ ಒಂದು ರಾಗ ನುಡಿಸಿ "ಸ್ನಾನಕ್ಕೆ ನೀರು ಕಾದಿದೆ" ಎಂದು ಹೆಣ್ಣುದನಿಯಲ್ಲಿ ವಿನಯದಿಂದ ಹೇಳುತ್ತದೆ. ನಮ್ಮ ಕುಕ್ಕರು ಕೂಗುತ್ತದೆ, ಅವರದು ಹಾಡುತ್ತದೆ. ಇಬ್ಬರ ಅನ್ನವೂ ಬೇಯುತ್ತದೆ ಅನ್ನಿ.

ಇನ್ನು ಬೀಳ್ಕೊಡುವುದು. ಆಯುಧಪೂಜೆಯ ದಿನ ನಾವೂ ಲೇತಿಗೆ, ಬಸ್ಸಿಗೆ, ಹೊಲಿಗೆಯ ಯಂತ್ರಕ್ಕೆ ಕುಂಕುಮವಿಟ್ಟು ಕೈಮುಗಿಯುತ್ತೇವೆ. ಆದರೆ ನಮ್ಮ ಪೂಜೆ ದುಡಿಯುವ ಯಂತ್ರಕ್ಕೆ. ಕೆಟ್ಟ ರೇಡಿಯೊ ಅಟ್ಟಕ್ಕೆ. ಅಟ್ಟ ತುಂಬಿದರೆ "ಹಳೇ ಪಾತ್ರೆ, ಹಳೇ ಕಬ್ಬಿಣ" ಎಂದು ಕೂಗಿಕೊಂಡು ಬರುವವನ ಗಾಡಿಗೆ. ಜಪಾನಿನಲ್ಲಿ ಮುರಿದ ಸೂಜಿಗೂ ಒಂದು ದಿನ ಉಂಟು. ಟೋಕಿಯೊ ಕಡೆ ಫೆಬ್ರವರಿ 8ರಂದು ಹೆಂಗಸರು ವರ್ಷವಿಡೀ ಸವೆದು ಬಾಗಿದ ಸೂಜಿಗಳನ್ನು ಗುಡಿಗೆ ಒಯ್ದು ಮೆತ್ತನೆಯ ತೋಫು ಗಡ್ಡೆಗೆ ಚುಚ್ಚಿ ವಂದಿಸುತ್ತಾರೆ. ಇಷ್ಟು ದಿನ ಗಟ್ಟಿ ಬಟ್ಟೆಯೊಡನೆ ಸೆಣಸಿದ ಸೂಜಿಗೆ ಕೊನೆಗಾದರೂ ಮೆತ್ತನೆಯ ಹಾಸಿಗೆ.

ಇದೇ ಭಾವ ಸೂಜಿಯಿಂದ ವಿದ್ಯುತ್ ಯಂತ್ರಕ್ಕೂ ಹರಿದುಬಂದಿದೆ. 1999ರಲ್ಲಿ ಸೋನಿ ಕಂಪನಿ 'ಐಬೊ' ಎಂಬ ಯಂತ್ರದ ನಾಯಿಯನ್ನು ಎರಡೂವರೆ ಲಕ್ಷ ಯೆನ್ನಿಗೆ ಮಾರಾಟಕ್ಕಿಟ್ಟಿತು. ಜಪಾನಿನ ಪಾಲಿಗೆ ಬಂದ 3000 ನಾಯಿಗಳೂ ಇಪ್ಪತ್ತು ನಿಮಿಷಗಳಲ್ಲಿ ಖರ್ಚಾದವು. ಅವರ ಮಾತಿನಲ್ಲಿ ಐಬೊ ಎಂದರೆ ಜೊತೆಗಾರ. 2006ರಲ್ಲಿ ತಯಾರಿಕೆ ನಿಂತಿತು. 2014ರಲ್ಲಿ ಕಂಪನಿಯ ರಿಪೇರಿಯೂ ನಿಂತಿತು. ಮುಂದೆ ಹಳೆಯ ಇಂಜಿನಿಯರುಗಳ ಒಂದು ತಂಡವೇ ಅವುಗಳಿಗೆ ವೈದ್ಯರಾಯಿತು. ಒಂದು ಕುಂಟುನಾಯಿಗೆ ಕಾಲು ಬೇಕಾದರೆ ಇನ್ನೊಂದು ಸತ್ತ ನಾಯಿಯಿಂದ ತೆಗೆಯಬೇಕು. ತೆಗೆಯುವ ಮುಂಚೆ ಚಿಬಾ ಪ್ರಾಂತದ ಇಸುಮಿಯ ಕೋಫುಕುಜಿ ಎಂಬ ಬೌದ್ಧ ದೇವಾಲಯದಲ್ಲಿ ಅವುಗಳನ್ನು ಸಾಲಾಗಿ ಕೂರಿಸಿ, ಒಡೆಯರ ಹೆಸರಿನ ಚೀಟಿ ಕಟ್ಟಿ, ಭಿಕ್ಷುಗಳು ಸೂತ್ರ ಪಠಿಸಿದರು. 2015ರಿಂದ ಮೂರು ನಾಲ್ಕು ವರ್ಷಗಳಲ್ಲಿ ನೂರಾರು ಐಬೊಗಳಿಗೆ ಇಂಥ ಸದ್ಗತಿಯಾಯಿತು.

ಇದನ್ನು ಕೇಳಿ ನಮ್ಮ ಸಹೋದ್ಯೋಗಿಗಳು ನಕ್ಕರು. ನನಗೆ ನಗು ಬರಲಿಲ್ಲ. ಆ ಚೀಟಿಗಳನ್ನು ಕಟ್ಟಿ ಕಳಿಸಿದವರು ಯಾರಿರಬಹುದು ಎಂದು ಯೋಚನೆಯಾಯಿತು. ಮಕ್ಕಳು ದೂರವಾದ ಮನೆಯಲ್ಲಿ ಬಾಲ ಅಲ್ಲಾಡಿಸಿದ್ದು ಅದೊಂದೇ ಆಗಿದ್ದಿರಬಹುದು. ಅಂಥವರಿಗೆ ಆ ಸೂತ್ರಪಠನ ತಮಾಷೆಯಲ್ಲ.

ಇಲ್ಲಿಗೆ ಬಂದಾಗ ಈ ಮರ್ಯಾದೆಯ ಇನ್ನೊಂದು ಮುಖ ಕಾಣುತ್ತದೆ. 1996ರಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ ಒಬ್ಬ ವೃದ್ಧ ತಾಯಿಯೂ ಕಾಯಿಲೆಯ ಮಗನೂ ಹಸಿವಿನಿಂದ ಸತ್ತು, ಬಹುದಿನ ನೆರೆಹೊರೆಗೆ ತಿಳಿಯದೇ ಹೋಯಿತು. ಆ ಸುದ್ದಿಯಿಂದ ನೊಂದ ವೈದ್ಯರೊಬ್ಬರ ಸೂಚನೆಯಂತೆ ಜೊಜಿರುಶಿ ಕಂಪನಿ ಒಂದು ಬಿಸಿನೀರಿನ ಕೆಟಲನ್ನು ಮಾಡಿ 2001ರಲ್ಲಿ ಹೊರತಂದಿತು. ಜೊಜಿರುಶಿ ಎಂದರೆ ನಮ್ಮ ಮಾತಿನಲ್ಲಿ ಆನೆಮಾರ್ಕು. ಒಂಟಿಯಾಗಿರುವ ಮುದುಕಿ ಚಹಕ್ಕೆಂದು ನೀರು ಬಗ್ಗಿಸಿದರೆ ಕೆಟಲು ಅದನ್ನು ಗುರುತಿಟ್ಟುಕೊಂಡು, ದಿನಕ್ಕೆ ಎರಡು ಸಲ ದೂರದ ಊರಿನ ಮಗನಿಗೋ ಮಗಳಿಗೋ ಸುದ್ದಿ ಕಳಿಸುತ್ತದೆ. ಸುದ್ದಿ ಬಂದರೆ ಅಮ್ಮ ಎದ್ದಿದ್ದಾಳೆ. ಕೆಟಲನ್ನು ಮುಟ್ಟಿಲ್ಲವೆಂದರೆ ಎದೆ ಧಸಕ್ಕೆನ್ನಬೇಕು.

ನನ್ನ ತಾಯಿಗೆ ಎಪ್ಪತ್ತಾರು. ತೀರ್ಥಹಳ್ಳಿಯ ಕಡೆಯ ಊರಿನಲ್ಲಿ ಒಬ್ಬರೇ ಇದ್ದಾರೆ. ಮೈಸೂರಿಗೆ ಬರಲು ಒಪ್ಪುವುದಿಲ್ಲ. ದಿನವೂ ಬೆಳಿಗ್ಗೆ ಫೋನಿನಲ್ಲಿ ಒಂದೇ ಪಾಠ. "ತಿಂಡಿ ಆಯ್ತೇನೋ?" "ಆಯ್ತಮ್ಮ. ನಿಂದು?" "ನಂದೂ ಆಯ್ತು." ಒಂದು ದಿನ ಈ ಕೆಟಲಿನ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೇದೇ. ಹಾಗಾದ್ರೆ ಇನ್ನು ನೀನು ಫೋನ್ ಮಾಡೋದಿಲ್ಲ ಅನ್ನು" ಎಂದರು. ಮತ್ತೆ ಕೇಳಿದರು: "ಬೇಜಾರಾಗಿ ಎರಡು ಸಲ ಕಾಫಿ ಕುಡಿದ್ರೆ, ಬೇಜಾರಾಗಿದ್ದು ಅಂತಾನೂ ಅದು ಹೇಳುತ್ತೇನೋ?"

ನಾನು ಉತ್ತರ ಹೇಳಲಿಲ್ಲ. ಕೆಟಲಿನ ಬಳಿ ಸಮಾಚಾರವಿದೆ, ಸಂದೇಹವಿಲ್ಲ. "ಊಟ ಆಯಿತೇ?" ಎಂದು ಕನ್ನಡಿಗರು ಕೇಳಿದಾಗ ನಮಗೆ ಬೇಕಾದದ್ದೂ ಸಮಾಚಾರವೇ ಎಂದು ಪರದೇಶದವರು ತಿಳಿದಾರು. ಅದು ಸಮಾಚಾರವಲ್ಲ, ಒಬ್ಬರ ದನಿಯನ್ನು ಇನ್ನೊಬ್ಬರು ಕೇಳುವುದಕ್ಕೆ ಒಂದು ನೆಪ. 'ಆಯ್ತು' ಎಂಬ ಎರಡಕ್ಷರವನ್ನು ಅಮ್ಮ ಯಾವ ರಾಗದಲ್ಲಿ ಹೇಳಿದರು ಎಂಬುದರ ಮೇಲೆ ಈ ಶನಿವಾರ ಊರಿಗೆ ಹೋಗಬೇಕೋ ಬೇಡವೋ ಎಂದು ನನಗೆ ತಿಳಿಯುತ್ತದೆ.

ಹಾಗೆಂದು ಆ ಕೆಟಲನ್ನು ಹಳಿಯಲಾರೆ. ಮಕ್ಕಳೆಲ್ಲ ಬೇರೆ ಬೇರೆ ಖಂಡಗಳಲ್ಲಿದ್ದು, ಬೀಗ ಹಾಕಿದ ಮನೆಗಳ ನಡುವೆ ಒಂದು ದೀಪ ಹೊತ್ತಿಸಿಕೊಂಡಿರುವ ತಂದೆತಾಯಿಗಳು ಬೆಂಗಳೂರಿನ ಬಡಾವಣೆಗಳಲ್ಲಿ ಎಷ್ಟಿಲ್ಲ? ರಾತ್ರಿ ಬಿದ್ದವರನ್ನು ಬೆಳಿಗ್ಗೆಯಾದರೂ ಯಾರಾದರೂ ಕಾಣಬೇಕು. ಆ ಕೆಲಸವನ್ನು ಸದ್ದಿಲ್ಲದೆ ಮಾಡುವ ಪಾತ್ರೆಗೆ ನಾನು ಕೈಮುಗಿಯುತ್ತೇನೆ. ಅಂಥದೊಂದು ನಮ್ಮೂರಿನ ಮನೆಗೂ ಬಂದೀತು. ಬಂದರೆ ಆಯುಧಪೂಜೆಯಲ್ಲಿ ಅದಕ್ಕೂ ಕುಂಕುಮ ಇಡೋಣ, ಕೆಟ್ಟಾಗ ಗುಜರಿಗೆ ಹಾಕುವ ಮುಂಚೆ ಒಂದು ನಮಸ್ಕಾರವನ್ನೂ ಜಪಾನಿನವರಿಂದ ಕಲಿಯೋಣ. ಫೋನನ್ನು ಮಾತ್ರ ದಿನವೂ ಬೆಳಿಗ್ಗೆ ನಾವೇ ಮಾಡಬೇಕು.