ಗಡಿಯೂರಿನ ಕಟ್ಟೆಗೆ ಸುದ್ದಿ ಬಂದ ದಾರಿ

ಕಲಬುರಗಿಯಿಂದ ಆಳಂದಕ್ಕೆ ಸುಮಾರು 40 ಕಿಲೋಮೀಟರು. ಅಲ್ಲಿಂದ ಮಹಾರಾಷ್ಟ್ರದ ಗಡಿಯ ಕಡೆಗೆ ಹೊರಟ ಪಯಣಿಗನಿಗೆ ಇಕ್ಕೆಲದಲ್ಲಿಯೂ ಕಾಣುವುದು ಕರಿಯ ಎರೆಭೂಮಿ; ಅದರ ಮೇಲೆ ತೊಗರಿ, ಜೋಳ. ಬಸ್ಸಿನೊಳಗೆ ಕನ್ನಡದ ಜೊತೆಗೆ ಮರಾಠಿ, ಉರ್ದು ಮಾತುಗಳು ಸಲೀಸಾಗಿ ಬೆರೆಯುತ್ತವೆ. ಹೀಗೆ ನಾವು ಮಾದನಹಿಪ್ಪರಗಾ ಗ್ರಾಮವನ್ನು ಸೇರಿದಾಗ ಹೊತ್ತು ಇಳಿಮುಖವಾಗಿತ್ತು.

ನಮಗೆ ಆತಿಥ್ಯವಿತ್ತವರು 85ರ ಆಸುಪಾಸಿನ ಹಿರಿಯ ರೈತರು. ಊರಿಗೆಲ್ಲ ಅವರು 'ಮುತ್ಯಾ'. ನಮಗೂ ಹಾಗೆಯೇ ಆದರು. ಕಟ್ಟೆಯ ಮೇಲೆ ಕುಳಿತು, ಈ ಊರಿಗೆ ಜಗತ್ತಿನ ಸುದ್ದಿ ಹೇಗೆ ಬರುತ್ತಿತ್ತೆಂದು ಕೇಳಿದೆವು.

ಮುತ್ಯಾನ ನೆನಪು ನಿಜಾಮರ ಕಾಲಕ್ಕೆ ಹೋಯಿತು. 1948ರ ಸೆಪ್ಟೆಂಬರ್ 17ರಂದು ನಿಜಾಮರು ಹೈದರಾಬಾದಿನ ಡೆಕ್ಕನ್ ರೇಡಿಯೋದಲ್ಲಿ ಕದನವಿರಾಮವನ್ನು ಸಾರಿದರು. ಸಂಸ್ಥಾನದ ಆಡಳಿತಭಾಷೆ ಉರ್ದು. ಆಳಂದದಲ್ಲಿ ರೇಡಿಯೋ ಕೇಳಿದವರು ಯಾರೋ ದಾರಿಹೋಕರಿಗೆ ಹೇಳಿ, ಅವರು ಇಲ್ಲಿಗೆ ಬಂದು ಕನ್ನಡದಲ್ಲಿ ತಿಳಿಸಬೇಕಾಯಿತು. ತಮ್ಮ ಬಿಡುಗಡೆಯ ವಾರ್ತೆಯೂ ಈ ಜನಕ್ಕೆ ಪರರ ಮಾತಿನ ಮೂಲಕವೇ ಬಂದಿತು!

1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಆರಂಭವಾಯಿತು. 1956ರ ನವೆಂಬರ್ 1ರಂದು ಈ ಜಿಲ್ಲೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಆದರೂ ಹುಬ್ಬಳ್ಳಿಯ 'ಸಂಯುಕ್ತ ಕರ್ನಾಟಕ'ವಾಗಲಿ, ಬೆಂಗಳೂರಿನ 'ಪ್ರಜಾವಾಣಿ'ಯಾಗಲಿ ಇಲ್ಲಿ ಕೈಸೇರುವಾಗ ಸುದ್ದಿ ಹಳಸಿರುತ್ತಿತ್ತಂತೆ. 1966ರಲ್ಲಿ ಕಲಬುರಗಿಯಲ್ಲಿಯೇ ಆಕಾಶವಾಣಿ ನಿಲಯ ತೆರೆಯಿತು. ಸೀಮೆಯ ಮಾತು ಪೆಟ್ಟಿಗೆಯೊಳಗಿನಿಂದ ಕೇಳಿದಾಗ ಹೆಂಗಸರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದರೆಂದು ಮುತ್ಯಾ ನಕ್ಕರು.

ಆ ನಗೆಯ ಹಿಂದೆಯೇ ಒಂದು ನೋವಿನ ಕಥೆ ಬಂದಿತು. ಒಂದು ಸುಗ್ಗಿಯಲ್ಲಿ ಮನೆಬಾಗಿಲಿಗೆ ಬಂದ ವ್ಯಾಪಾರಿಯೊಬ್ಬ ಹೇಳಿದ ದರಕ್ಕೆ ಇವರು ವರ್ಷದ ತೊಗರಿಯನ್ನೆಲ್ಲ ಅಳೆದುಕೊಟ್ಟರು. ಅಂದೇ ಸಂಜೆ ನೆರೆಮನೆಯ ರೇಡಿಯೋದಲ್ಲಿ ಪೇಟೆಯ ಧಾರಣೆ ಕೇಳಿಬಂದಿತು. ಎರಡಕ್ಕೂ ಇದ್ದ ಅಂತರದಲ್ಲಿ ಮಗಳ ಮದುವೆಯ ಅರ್ಧ ಖರ್ಚು ಅಡಗಿತ್ತು. "ಆ ರಾತ್ರಿ ತುತ್ತು ಗಂಟಲದಾಗ ಇಳೀಲಿಲ್ರೀ. ಮರುವರ್ಷ ಎತ್ತು ಕೊಳ್ಳೋದು ಬಿಟ್ಟೆ, ಮೊದಲ ರೇಡಿಯೋ ತಂದೆ" ಎಂದರು. ಸುದ್ದಿಯೆಂಬುದು ನಗರವಾಸಿಗಳಾದ ನಮಗೆ ಕಾಫಿಯೊಡನೆ ಬರುವ ಕಾಲಕ್ಷೇಪ. ಒಕ್ಕಲಿಗನಿಗೆ ಅದು ಬಿತ್ತನೆಯ ಬೀಜದಷ್ಟೇ ಅಗತ್ಯದ ವಸ್ತು.

ಈ ಸೀಮೆಗೆ ಇನ್ನೊಂದು ಹೆಮ್ಮೆಯೂ ಉಂಟು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳು. ಅದರ ಮುಂದುವರಿಕೆಯಾಗಿ 1977ರಲ್ಲಿ ಕಲಬುರಗಿಗೆ ಟಿ.ವಿ. ಕೇಂದ್ರ ಬಂದಿತು. ರಾಜಧಾನಿ ಬೆಂಗಳೂರಿಗೆ ಆ ಭಾಗ್ಯ ಲಭಿಸಿದ್ದು 1981ರ ನವೆಂಬರ್‌ನಲ್ಲಿ!

ಇಂದು ದೊಡ್ಡ ಪತ್ರಿಕೆಗಳಿಗೆ ಕಲಬುರಗಿ ಆವೃತ್ತಿಗಳುಂಟು. ಕಟ್ಟೆಯ ಮೇಲಿನ ತರುಣರ ಅಂಗೈಯಲ್ಲಿ ಮೊಬೈಲು ಬೆಳಗುತ್ತಿದೆ. ತೊಗರಿಯ ದರ ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಹಾಗಾದರೆ ಕೊರತೆಯೇನೂ ಇಲ್ಲವಲ್ಲ ಎಂದೆವು.

ಮುತ್ಯಾ ತುಸು ಹೊತ್ತು ಸುಮ್ಮನಿದ್ದು, "ಹೊರಗಿನ ಸುದ್ದಿ ಭಾಳ ಬರ್ತಾವ್ರೀ. ನಮ್ಮೂರ ಸುದ್ದಿ ಹೊರಗ ಹೋಗೋದು ಕಮ್ಮಿ" ಎಂದರು. ಮಾತು ಚಿಕ್ಕದು, ಆದರೆ ಮನಸ್ಸಿನಲ್ಲಿ ನಾಟಿತು. ಹಳ್ಳಿಯ ಬಾವಿ ಬತ್ತಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಕಳುಹಿಸುವ ಬಾತ್ಮೀದಾರನಿಲ್ಲದಿದ್ದರೆ, ಅಧಿಕಾರಿಯ ಮೇಜಿನ ಮೇಲೆ ಆ ಬಾವಿ ತುಂಬಿಯೇ ಇರುತ್ತದೆ. ದೊಡ್ಡ ನಗರದ ಪತ್ರಿಕೆ ಮಾಡದ ಈ ಕೆಲಸಕ್ಕಾಗಿಯೇ ಜಿಲ್ಲೆಯ ಪತ್ರಿಕೆ, ಜಿಲ್ಲೆಯ ಬಾನುಲಿ ಬೇಕು.

ಮರುದಿನ ಬೆಳಿಗ್ಗೆ ನಾವು ಬಸ್ಸಿಗೆ ಕಾದಿದ್ದಾಗ ಮುತ್ಯಾ ಪತ್ರಿಕೆ ಹಿಡಿದು ಬಂದರು. ಮೊದಲ ಪುಟವನ್ನು ನೋಡದೆ ನೇರವಾಗಿ ಜಿಲ್ಲೆಯ ಪುಟವನ್ನು ತೆರೆದು, ಬೆರಳಿಟ್ಟು ಹುಡುಕತೊಡಗಿದರು. ಆ ದಿನ ಊರಿನ ಹೆಸರು ಅಲ್ಲಿ ಇರಲಿಲ್ಲ.

"ನಾಳೆ ಬಂದೀತು" ಎಂದು ಪತ್ರಿಕೆಯನ್ನು ಮಡಿಸಿ ಕಂಕುಳಲ್ಲಿ ಇರಿಸಿಕೊಂಡರು. ಬಸ್ಸು ಹೊರಟಿತು.